ಯಾವ ಚಾಪ್ಟರ್, ಯಾವ ವರ್ಷ?

ಮೇರಿಲ್ಯಾಂಡ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಒಂದು ಸಂಜೆ ದಿನಸಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಕಾಯುತ್ತಾ ನಿಂತಿದ್ದೆ. ಪಕ್ಕದ ಕಾರಿನ ನಂಬರ್ ಪ್ಲೇಟಿಗೆ ಕಪ್ಪು ಮತ್ತು ಬಂಗಾರದ ಬಣ್ಣದ ಚೌಕಟ್ಟು, ಅದರ ಮೇಲೆ ಮೂರು ಗ್ರೀಕ್ ಅಕ್ಷರ. ಕಾರಿನ ಯಜಮಾನರು ಎಪ್ಪತ್ತು ದಾಟಿದ ಕಪ್ಪು ವರ್ಣದ ಹಿರಿಯರು. ಸಾಮಾನು ಡಿಕ್ಕಿಗೆ ತುಂಬುತ್ತಿದ್ದರು. ನಲವತ್ತರ ಆಸುಪಾಸಿನ ಇನ್ನೊಬ್ಬರು ಗಾಡಿ ತಳ್ಳಿಕೊಂಡು ಬಂದವರು ಆ ಪ್ಲೇಟ್ ನೋಡಿ ಗಕ್ಕನೆ ನಿಂತರು. ಇಬ್ಬರಿಗೂ ಮುಖ ಪರಿಚಯವಿಲ್ಲ. ಆದರೂ ಕಿರಿಯರು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಎಲ್ಲಿ ದಾಟಿದಿರಿ ಸರ್? ಯಾವ ವರ್ಷ?" ಅಂದರು. ಹಿರಿಯರು ಯಾವುದೋ ಗ್ರೀಕ್ ಹೆಸರು ಹೇಳಿ, "ಸ್ಪ್ರಿಂಗ್ ಎಪ್ಪತ್ತೊಂದು" ಅಂದರು. ಆಮೇಲೆ ಬೆರಳುಗಳನ್ನು ವಿಚಿತ್ರವಾಗಿ ಹೆಣೆದ ಒಂದು ಕೈಕುಲುಕು. ಹತ್ತು ನಿಮಿಷ ಐಸ್‌ಕ್ರೀಮ್ ಕರಗಿದರೂ ಪರವಾಗಿಲ್ಲ ಅನ್ನುವ ಹಾಗೆ ಮಾತು.

ಕಾಲೇಜು ಬಿಟ್ಟು ಐವತ್ತು ವರ್ಷ ಆದ ಮೇಲೆ ಯಾರಾದರೂ ನನ್ನನ್ನು "ಯಾವ ವರ್ಷದ ಬ್ಯಾಚ್" ಅಂತ ಕೇಳಿದರೆ ನಾನು ಬೆರಳು ಎಣಿಸಬೇಕಾಗುತ್ತೆ. ನಮ್ಮಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಅಂದರೆ ವರ್ಷಕ್ಕೊಂದು ಸಮಾರಂಭ. ನಿವೃತ್ತ ಮೇಷ್ಟ್ರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್. ಅಮೆರಿಕದ ಫ್ರೆಟರ್ನಿಟಿಯ, ಅಂದರೆ ಕಾಲೇಜು ಹುಡುಗರು ಕಟ್ಟಿಕೊಳ್ಳುವ ಸಂಘದ, ಕಥೆ ಬೇರೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಒಂದೇ ಒಂದು ಸಂಘ ಹಿಡಿದು ನೋಡಿದರೆ ಸಾಕು. ನಾನು ಹಿಡಿದದ್ದು ಆ ಕಾರಿನ ಮೇಲಿದ್ದದ್ದನ್ನೇ: ಆಲ್ಫಾ ಫೈ ಆಲ್ಫಾ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಹುಟ್ಟಿದ್ದು.

ಮೊದಲು ಈ ಗ್ರೀಕ್ ಅಕ್ಷರಗಳ ಗಲಾಟೆ ಮುಗಿಸಿಬಿಡೋಣ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ಹುಡುಗರು ಒಂದು ಗುಟ್ಟಿನ ಚರ್ಚಾಕೂಟ ಕಟ್ಟಿಕೊಂಡರು. ಜ್ಞಾನದ ಪ್ರೀತಿಯೇ ಬಾಳಿನ ದೋಣಿಗೆ ಅಂಬಿಗ ಅನ್ನುವ ಅರ್ಥದ ಗ್ರೀಕ್ ಮಾತೊಂದನ್ನು ಧ್ಯೇಯವಾಕ್ಯ ಮಾಡಿಕೊಂಡು, ಅದರ ಮೂರು ಪದಗಳ ಮೊದಲ ಅಕ್ಷರ ತೆಗೆದು 'ಫೈ ಬೀಟಾ ಕಪ್ಪಾ' ಅಂತ ಹೆಸರಿಟ್ಟರು. ಹೆಸರು ಗ್ರೀಕ್, ಒಳಗೆ ಸೇರೋಕೆ ಒಂದು ದೀಕ್ಷೆ, ಗುಟ್ಟಿನ ಕೈಕುಲುಕು, ಎದೆಗೊಂದು ಬಿಲ್ಲೆ. ಮುಂದೆ ಬಂದವರೆಲ್ಲ ಈ ಅಚ್ಚನ್ನೇ ಎತ್ತಿಕೊಂಡರು. 1825ರಲ್ಲಿ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಶುರುವಾಯಿತು. ಇವತ್ತು ಫ್ರೆಟರ್ನಿಟಿ ಅಂತ ನಾವು ಯಾವುದನ್ನು ಕರೆಯುತ್ತೇವೋ ಅದರ ವಂಶಾವಳಿ ಅಲ್ಲಿಂದ. ಹುಡುಗಿಯರದ್ದಾದರೆ ಸಾಮಾನ್ಯವಾಗಿ ಸೊರಾರಿಟಿ ಅಂತಾರೆ. ಒಂದು ಕಾಲೇಜಿನಲ್ಲಿ ಹುಟ್ಟಿದ ಸಂಘ ಇನ್ನೊಂದು ಕಾಲೇಜಿನಲ್ಲಿ ಶಾಖೆ ತೆರೆದರೆ ಅದು ಚಾಪ್ಟರ್.

ಕ್ರಮೇಣ ಇವು ಮನೆ ಕಟ್ಟಿಕೊಂಡವು. ಹಳೆ ವಿದ್ಯಾರ್ಥಿಗಳ ಮಹತ್ವ ಇರುವುದು ಇಲ್ಲಿ. ಬಹಳ ಫ್ರೆಟರ್ನಿಟಿಗಳಲ್ಲಿ ಆ ದೊಡ್ಡ ಮನೆ ಕಾಲೇಜಿನದ್ದೂ ಅಲ್ಲ, ಅದರಲ್ಲಿ ಇರುವ ಹುಡುಗರದ್ದೂ ಅಲ್ಲ. ಹಳಬರೆಲ್ಲ ಸೇರಿ ಒಂದು ಕಂಪನಿ ನೋಂದಾಯಿಸಿ, ಅದರ ಹೆಸರಿನಲ್ಲಿ ಮನೆ ಇಟ್ಟುಕೊಂಡಿರುತ್ತಾರೆ. ಹುಡುಗರು ಅವರಿಗೆ ಬಾಡಿಗೆ ಕಟ್ಟುತ್ತಾರೆ. ಸೂರು ಸೋರಿದರೆ, ಇನ್ಶೂರೆನ್ಸ್ ಕಂತು ಏರಿದರೆ, ತಲೆನೋವು ಎಲ್ಲೋ ದೂರದ ಊರಲ್ಲಿ ಕೂತ ಐವತ್ತರ ವಕೀಲರಿಗೋ ಲೆಕ್ಕಪರಿಶೋಧಕರಿಗೋ. ಮೆಟ್ಟಿಲ ಪಕ್ಕದ ಗೋಡೆಯ ತುಂಬ ಪ್ರತಿ ವರ್ಷದ ಹುಡುಗರ ಪುಟ್ಟ ಪುಟ್ಟ ಮುಖಗಳನ್ನು ಜೋಡಿಸಿದ ಚೌಕಟ್ಟುಗಳು. ಅಜ್ಜನ ಮುಖ ಮೊಮ್ಮಗನಿಗೆ ಅಲ್ಲೇ ಸಿಗುವುದೂ ಉಂಟು.

ಕಾರ್ನೆಲ್ ಅಂತಹ ಮನೆಗಳ ಊರು. ಅಲ್ಲಿ ಒಂದು ಕೆಟ್ಟ ನೆನಪೂ ಇದೆ. 1873ರ ಅಕ್ಟೋಬರ್‌ನಲ್ಲಿ ಮಾರ್ಟಿಮರ್ ಲೆಗೆಟ್ ಅನ್ನುವ ಹೊಸ ಹುಡುಗನನ್ನು ಕಪ್ಪಾ ಆಲ್ಫಾಗೆ ಸೇರಿಸಿಕೊಳ್ಳುವ ಮುಂಚೆ ಕಣ್ಣಿಗೆ ಬಟ್ಟೆ ಕಟ್ಟಿ ರಾತ್ರಿ ಊರಾಚೆ ಕರೆದುಕೊಂಡು ಹೋದರು. ಇಥಾಕಾ ತುಂಬ ಕೊರಕಲು, ಕಂದರ. ಕತ್ತಲಲ್ಲಿ ಒಂದರೊಳಗೆ ಬಿದ್ದು ತೀರಿಕೊಂಡ. ಫ್ರೆಟರ್ನಿಟಿಯ ಹೆಸರಿನಲ್ಲಿ ಹೋದ ಜೀವಗಳ ಪಟ್ಟಿಯಲ್ಲಿ ಮೊದಲನೆಯದು ಅಂತ ಅದನ್ನೇ ಎಣಿಸುತ್ತಾರೆ. ಈ ಮಾತಿಗೆ ಮತ್ತೆ ಬರುತ್ತೇನೆ.

1905ರ ಹೊತ್ತಿಗೆ ಕಾರ್ನೆಲ್‌ನಲ್ಲಿದ್ದ ಕಪ್ಪು ಹುಡುಗರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಯಾರು ಬೇಕಾದರೂ ಬಂದು ಏನು ಬೇಕಾದರೂ ಕಲಿಯಬಹುದು ಅನ್ನುವುದು ಆ ವಿಶ್ವವಿದ್ಯಾಲಯದ ಘೋಷಣೆ. ಹಾಗಾಗಿ ಸೀಟು ಸಿಗುತ್ತಿತ್ತು. ಸೀಟು ಸಿಕ್ಕಿದ ಮೇಲೆ? ಗಂಡುಹುಡುಗರಿಗೆ ಕಾಲೇಜಿನ ಹಾಸ್ಟೆಲ್ ಆಗ ಇರಲಿಲ್ಲ ಅಂದರೂ ನಡೆಯುತ್ತೆ. ಬಿಳಿ ಹುಡುಗರು ಫ್ರೆಟರ್ನಿಟಿ ಮನೆಗಳಲ್ಲಿ ಇಲ್ಲವೇ ಬಾಡಿಗೆ ಕೋಣೆಗಳಲ್ಲಿ ಇರುತ್ತಿದ್ದರು. ಕಪ್ಪು ಹುಡುಗರಿಗೆ ಬೆಟ್ಟದ ಮೇಲಿನ ಕಾಲೇಜಿನಿಂದ ಇಳಿದು ಬಂದು, ಕೆಳಗಿನ ಪೇಟೆಯ ಕಪ್ಪು ಜನರ ಮನೆಗಳೇ ಗತಿ. ಓದುವ ಗುಂಪಿಗೆ ಯಾರೂ ಕರೆಯರು. ಹಿಂದಿನ ವರ್ಷದ ಪ್ರಶ್ನೆಪತ್ರಿಕೆ, ಯಾವ ಪ್ರೊಫೆಸರ್ ಹೇಗೆ ಅನ್ನುವ ಗುಸುಗುಸು, ಕೆಲಸಕ್ಕೊಂದು ಶಿಫಾರಸು, ಇವೆಲ್ಲ ಓಡಾಡುತ್ತಿದ್ದದ್ದು ಫ್ರೆಟರ್ನಿಟಿಯ ಊಟದ ಮೇಜಿನ ಸುತ್ತ. ಕಪ್ಪು ಹುಡುಗರಲ್ಲಿ ಕೆಲವರು ಆ ಮೇಜಿನ ಹತ್ತಿರ ಹೋಗುತ್ತಿದ್ದರು ನಿಜ, ಬಡಿಸುವುದಕ್ಕೆ. ಖರ್ಚಿಗೆ ಅಲ್ಲೇ ಕೆಲಸ ಮಾಡುತ್ತಿದ್ದರು. ನಮ್ಮ ಕಡೆ ವಾರಾನ್ನ ಉಂಡು ಓದಿದ ಹಿರಿಯರ ಕಥೆ ಕೇಳಿದವರಿಗೆ ಇದರ ಒಂದು ಪಾಲು ಅರ್ಥವಾಗುತ್ತೆ. ಆದರೆ ವಾರಾನ್ನದ ಹುಡುಗನಿಗೆ ಕೊನೆಗೆ ಎಲೆಯಾದರೂ ಹಾಕುತ್ತಿದ್ದರು.

ಅವರು ಮೊದಲು ಕಟ್ಟಿಕೊಂಡದ್ದು ಒಂದು ಓದುಕೂಟ. ಅದರ ಮುಂದಾಳು ಸಿ. ಸಿ. ಪಾಯಿಂಡೆಕ್ಸ್‌ಟರ್ ಅನ್ನುವ ಹಿರಿಯ ವಿದ್ಯಾರ್ಥಿ. ಯಾರದಾದರೂ ಮನೆಯಲ್ಲಿ ಸೇರಿ ಪುಸ್ತಕ ಓದುವುದು, ಮಾತಾಡುವುದು. ಬೇಗನೆ ಕೂಟದೊಳಗೇ ಜಗಳ ಶುರುವಾಯಿತು. ಇದು ಓದುಕೂಟವಾಗಿಯೇ ಇರಲಿ ಅಂತ ಪಾಯಿಂಡೆಕ್ಸ್‌ಟರ್ ಮತ್ತು ಅವರ ಕಡೆಯವರು. ಇಷ್ಟು ಚಿಕ್ಕ ಗುಂಪು, ಬೆನ್ನಿಗೆ ಯಾರೂ ಇಲ್ಲ, ಫ್ರೆಟರ್ನಿಟಿ ಕಟ್ಟಿ ಉಳಿಸೋಕಾಗುತ್ತಾ ಅನ್ನುವ ಅನುಮಾನ. ಅನುಮಾನ ಸುಳ್ಳಲ್ಲ. 1903ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಹೀಗೇ ಒಂದನ್ನು ಶುರುಮಾಡಿ, ಜನ ಸಾಲದೆ ಕೈಬಿಟ್ಟಿದ್ದರು. ಆದರೆ ಇನ್ನೊಂದು ಗುಂಪಿಗೆ ಬರೀ ಪುಸ್ತಕ ಸಾಲದು ಅನ್ನಿಸಿತ್ತು. ಓದುಕೂಟ ಓದು ಮುಗಿದ ದಿನ ಮುಗಿಯುತ್ತೆ. ಅವರಿಗೆ ಬೇಕಿದ್ದದ್ದು ಡಿಗ್ರಿ ತಗೊಂಡು ರೈಲು ಹತ್ತಿದ ಮೇಲೂ ಜೊತೆಗೆ ಬರುವಂಥದ್ದು.

1906ರ ಅಕ್ಟೋಬರ್ 30ರಂದು ಹಾಲ್ ಒಂದನ್ನು ಹಿಡಿದು ಮೊದಲ ದೀಕ್ಷೆ ಮಾಡಿಯೇಬಿಟ್ಟರು. ಡಿಸೆಂಬರ್ 4ರಂದು ಕೂಟವು ಫ್ರೆಟರ್ನಿಟಿ ಅಂತ ತೀರ್ಮಾನವಾಯಿತು. ಪಾಯಿಂಡೆಕ್ಸ್‌ಟರ್ ಹೊರಗೆ ಸರಿದರು. ಸ್ಥಾಪಕರು ಅಂತ ಇವತ್ತು ಏಳು ಜನರ ಹೆಸರು ಹೇಳುತ್ತಾರೆ: ಕ್ಯಾಲಿಸ್, ಚಾಪ್ಮನ್, ಜೋನ್ಸ್, ಕೆಲ್ಲಿ, ಮರ್ರೆ, ಓಗಲ್, ಟ್ಯಾಂಡಿ. ಸಂಘದೊಳಗೆ ಅವರು 'ಏಳು ರತ್ನಗಳು'. ಸ್ಥಾಪಕರ ಸಾಲಿನಲ್ಲಿ ಪಾಯಿಂಡೆಕ್ಸ್‌ಟರ್ ಇಲ್ಲ. ನನಗೆ ಸ್ವಲ್ಪ ಪಾಪ ಅನ್ನಿಸುತ್ತೆ, ಕೂಟ ಸೇರಿಸಿದ ಮನುಷ್ಯನೇ ಫೋಟೋದಿಂದ ಹೊರಗೆ.

ಏಳು ಹುಡುಗರು ಮುಂದೆ ಏನಾದರು ಅನ್ನುವುದು ಸುಮ್ನೆ ಹೆಮ್ಮೆಯ ಪಟ್ಟಿಯಲ್ಲ, ಸಂಘ ಹೇಗೆ ಹರಡಿತು ಅನ್ನುವುದಕ್ಕೆ ನಕ್ಷೆ. ಯೂಜೀನ್ ಕಿಂಕಲ್ ಜೋನ್ಸ್ ರಿಚ್ಮಂಡ್ ಕಡೆಯವರು. ಅವರ ಓಡಾಟದಿಂದ 1907ರಲ್ಲೇ ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯ ಮತ್ತು ರಿಚ್ಮಂಡ್‌ನ ವರ್ಜೀನಿಯಾ ಯೂನಿಯನ್‌ನಲ್ಲಿ ಶಾಖೆ ಆಯಿತು. ಆಮೇಲೆ ಅವರು ಕಪ್ಪು ಜನರ ಏಳಿಗೆಗೆ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್ ಅನ್ನು ದಶಕಗಳ ಕಾಲ ನಡೆಸಿದರು. ಜಾರ್ಜ್ ಕೆಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತರಾದ ಮೊದಲ ಕಪ್ಪು ಎಂಜಿನಿಯರ್. ವರ್ಟ್ನರ್ ಟ್ಯಾಂಡಿ ಅದೇ ರಾಜ್ಯದ ಮೊದಲ ಕಪ್ಪು ಆರ್ಕಿಟೆಕ್ಟ್. ಕೇಶತೈಲ ಮಾರಿ ಸಿರಿವಂತೆಯಾದ ಮೇಡಂ ಸಿ. ಜೆ. ವಾಕರ್ ಅವರ ಬಂಗಲೆಗೆ ನಕ್ಷೆ ಬರೆದವರು ಅವರೇ. ಚಾಪ್ಮನ್ ಫ್ಲಾರಿಡಾದಲ್ಲಿ ಕೃಷಿ ಪ್ರೊಫೆಸರ್ ಆದರು, ಅಲ್ಲೊಂದು ಚಾಪ್ಟರ್ ನೆಟ್ಟರು. ಮರ್ರೆ ವಾಷಿಂಗ್ಟನ್‌ನಲ್ಲಿ ಮೇಷ್ಟ್ರು. ಓಗಲ್ ಅಮೆರಿಕದ ಸೆನೆಟ್‌ನ ಒಂದು ಸಮಿತಿಯ ಕಚೇರಿಯಲ್ಲಿ. ಕ್ಯಾಲಿಸ್ ಡಾಕ್ಟರ್. ಎಲ್ಲಿಗೆ ಕೆಲಸ ಸಿಕ್ಕಿತೋ ಅಲ್ಲಿಗೆ ಸಂಘವನ್ನು ಹೊತ್ತುಕೊಂಡು ಹೋದರು.

ಈಗ ಹೆಸರುಗಳ ಲೆಕ್ಕ. ಕೇಳಿದರೆ ತಲೆ ತಿರುಗುತ್ತೆ, ಗೊತ್ತಾದರೆ ಸರಳ. ಚಾಪ್ಟರ್‌ಗಳಿಗೆ ಹುಟ್ಟಿದ ಕ್ರಮದಲ್ಲಿ ಗ್ರೀಕ್ ಅಕ್ಷರ ಕೊಡುತ್ತಾ ಹೋಗುತ್ತಾರೆ. ಕಾರ್ನೆಲ್ ಆಲ್ಫಾ, ಹಾವರ್ಡ್ ಬೀಟಾ, ವರ್ಜೀನಿಯಾ ಯೂನಿಯನ್ ಗಾಮಾ, ಮಿಶಿಗನ್ ಎಪ್ಸಿಲಾನ್. ನಡುವೆ ಬಿಟ್ಟ ನಾಲ್ಕನೆಯದು, ಡೆಲ್ಟಾ, ಗಡಿ ದಾಟಿ ಕೆನಡಾದ ಟೊರಾಂಟೊದಲ್ಲಿ, 1908ರಲ್ಲೇ. ಅಕ್ಷರ ಮುಗಿದ ಮೇಲೆ ಎರಡೆರಡು ಜೋಡಿಸುತ್ತಾರೆ: ಆಲ್ಫಾ ಆಲ್ಫಾ, ಆಲ್ಫಾ ಬೀಟಾ, ಹೀಗೆ. ಹೆಸರಿನ ಕೊನೆಗೆ 'ಲ್ಯಾಮ್ಡಾ' ಇದ್ದರೆ ಮಾತ್ರ ಗಮನಿಸಿ. ಅದು ಕಾಲೇಜಿನ ಚಾಪ್ಟರ್ ಅಲ್ಲ, ಡಿಗ್ರಿ ಮುಗಿಸಿದವರ ಚಾಪ್ಟರ್. 1911ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮೊದಲನೆಯದು ಆಯಿತು, ಅದರ ಹೆಸರು ಆಲ್ಫಾ ಲ್ಯಾಮ್ಡಾ. ಅಟ್ಲಾಂಟಾದ್ದು ಈಟಾ ಲ್ಯಾಮ್ಡಾ, ವಾಷಿಂಗ್ಟನ್‌ದು ಮ್ಯೂ ಲ್ಯಾಮ್ಡಾ. ಕಾಲೇಜಿಗೆ ಅಂಟಿಕೊಂಡವಲ್ಲ, ಊರಿಗೆ ಅಂಟಿಕೊಂಡವು. ಯಾವುದೇ ಕಾಲೇಜಿನಲ್ಲಿ ಓದಿರಲಿ, ಆ ಊರಿಗೆ ಬಂದು ನೆಲೆಸಿದ ಸದಸ್ಯರು ಅಲ್ಲಿ ಸೇರುತ್ತಾರೆ.

ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇದೇ. ಬಿಳಿಯರ ಫ್ರೆಟರ್ನಿಟಿಯಲ್ಲಿ ಹಳಬರು ಕಾಲೇಜಿನ ಮನೆಯ ಕಡೆಗೆ ತಿರುಗಿ ನೋಡುತ್ತಾರೆ. ಅಕ್ಟೋಬರ್‌ನ ಫುಟ್‌ಬಾಲ್ ಪಂದ್ಯಕ್ಕೆ ಬರುತ್ತಾರೆ, ಚೆಕ್ ಬರೆಯುತ್ತಾರೆ, ಹೋಗುತ್ತಾರೆ. ಆಲ್ಫಾ ಫೈ ಆಲ್ಫಾದಲ್ಲಿ ಹಾಗಾಗಲಿಲ್ಲ. ಕಾರಣ ಕಾಲೇಜಿನಲ್ಲಿಲ್ಲ, ಊರುಗಳಲ್ಲಿದೆ. ಡಾಕ್ಟರ್ ಆದ ಕಪ್ಪು ಹುಡುಗನಿಗೆ ಊರಿನ ಕ್ಲಬ್ ಬಾಗಿಲು ತೆಗೆಯುತ್ತಿರಲಿಲ್ಲ. ದಕ್ಷಿಣದ ಊರುಗಳಲ್ಲಿ ಹೋಟೆಲ್ ಕೋಣೆ ಕೊಡುತ್ತಿರಲಿಲ್ಲ. ವೃತ್ತಿಯವರ ಸಂಘಗಳೂ ಅಷ್ಟೇ. ಹೊಸ ಊರಿಗೆ ಹೋದರೆ ರಾತ್ರಿ ಎಲ್ಲಿ ಉಳಿಯುವುದು, ಯಾವ ಬೀದಿ ಸುರಕ್ಷಿತ, ಕೋರ್ಟಿನಲ್ಲಿ ಯಾರನ್ನು ನಂಬಬಹುದು, ಇದನ್ನೆಲ್ಲ ಹೇಳೋಕೆ ಒಬ್ಬ ಬ್ರದರ್, ಅಂದರೆ ಸಂಘದವನೊಬ್ಬ, ಬೇಕು. ಹಾಗಾಗಿ ಕಾಲೇಜಿನ ನಾಲ್ಕು ವರ್ಷ ಪೀಠಿಕೆ ಮಾತ್ರ ಆಯಿತು. ಜಾಸ್ತಿ ಕೆಲಸ ನಡೆದದ್ದು ಲ್ಯಾಮ್ಡಾಗಳಲ್ಲಿ. ಕಾಲೇಜಿನಲ್ಲಿ ಸೇರದವರನ್ನೂ ಡಿಗ್ರಿ ಇದ್ದರೆ ಈ ಚಾಪ್ಟರ್‌ಗಳು ನೇರವಾಗಿ ಸೇರಿಸಿಕೊಳ್ಳಬಹುದು. ಮಾರ್ಟಿನ್ ಲೂಥರ್ ಕಿಂಗ್ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿದ್ದಾಗ ಸೇರಿರಲಿಲ್ಲ. ಬಾಸ್ಟನ್‌ನಲ್ಲಿ ಪಿಎಚ್‌.ಡಿ. ಮಾಡುವಾಗ 1952ರಲ್ಲಿ ಸಿಗ್ಮಾ ಚಾಪ್ಟರ್ ಮೂಲಕ ದಾಟಿದರು, ಅಂದರೆ ಸದಸ್ಯರಾದರು. ಸಿಗ್ಮಾ ಒಂದು ಕಾಲೇಜಿನದ್ದಲ್ಲ, ಇಡೀ ಬಾಸ್ಟನ್ ಊರಿನ ಕಾಲೇಜುಗಳಿಗೆ ಸೇರಿ ಒಂದು.

ಲ್ಯಾಮ್ಡಾ ಚಾಪ್ಟರ್‌ನ ಸಭೆ ನಮ್ಮ ಯಾವುದೇ ಸಂಘದ ಸಭೆಯ ಹಾಗೇ. ಶನಿವಾರ ಬೆಳಗ್ಗೆ, ಹಿಂದಿನ ಸಭೆಯ ವರದಿ, ಖಜಾಂಚಿಯ ಲೆಕ್ಕ, ಲೆಕ್ಕದ ಮೇಲೊಂದು ವಾಗ್ವಾದ. ಚಂದಾ ಕಟ್ಟಿದವರಿಗೆ ಅಲ್ಲೊಂದು ಪದ ಇದೆ: 'ಫೈನಾನ್ಷಿಯಲ್'. "ಅವರು ಫೈನಾನ್ಷಿಯಲ್ಲಾ?" ಅಂದರೆ ಶ್ರೀಮಂತರಾ ಅಂತಲ್ಲ, ಈ ವರ್ಷದ ದುಡ್ಡು ಕಟ್ಟಿದ್ದಾರಾ ಅಂತ. ಜೀವಮಾನವಿಡೀ ಸದಸ್ಯ ಅನ್ನುವುದು ನಿಜ, ಆದರೆ ಮತ ಹಾಕಬೇಕೆಂದರೆ ಫೈನಾನ್ಷಿಯಲ್ ಆಗಿರಬೇಕು. ಈ ಜಾಗರೂಕತೆ ನನಗೆ ಬಹಳ ಹಿಡಿಸಿತು.

ಆ ಚಂದಾದ ದುಡ್ಡು ಎಲ್ಲಿಗೆ ಹೋಯಿತು? ಎರಡು ಕಡೆ ನೋಡೋಣ. 1935ರಲ್ಲಿ ಡೊನಾಲ್ಡ್ ಮರ್ರೆ ಅನ್ನುವ ಬಾಲ್ಟಿಮೋರ್ ಯುವಕನಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಬಣ್ಣದ ಕಾರಣಕ್ಕೆ ಸೀಟು ಕೊಡಲಿಲ್ಲ. ಆಲ್ಫಾ ಆ ಪ್ರಕರಣವನ್ನು ಎತ್ತಿಕೊಂಡಿತು. ಬೆಲ್ಫರ್ಡ್ ಲಾಸನ್, ಚಾರ್ಲ್ಸ್ ಹ್ಯೂಸ್ಟನ್, ತರ್ಗುಡ್ ಮಾರ್ಷಲ್, ಮೂವರು ವಕೀಲರೂ ಸಂಘದವರೇ. 1936ರ ಜನವರಿಯಲ್ಲಿ ರಾಜ್ಯದ ಉನ್ನತ ನ್ಯಾಯಾಲಯವೂ ಮರ್ರೆ ಪರ ನಿಂತಿತು. ಮಾರ್ಷಲ್ ಮುಂದೆ, ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಇಡುವುದರ ವಿರುದ್ಧದ 1954ರ ಬ್ರೌನ್ ಪ್ರಕರಣ ಗೆದ್ದು, 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದವರು. ಅವರ ಹೋರಾಟದ ಮೊದಲ ದೊಡ್ಡ ಗೆಲುವು ಈ ಮೇರಿಲ್ಯಾಂಡ್ ಕೇಸು.

ಎರಡನೆಯದು ವಾಷಿಂಗ್ಟನ್‌ಗೆ ಹೋದ ಕನ್ನಡಿಗರು ಬಹಳ ಜನ ನೋಡಿರುತ್ತೀರಿ. ಟೈಡಲ್ ಬೇಸಿನ್ ಕೆರೆಯ ದಂಡೆಯಲ್ಲಿ ಬಿಳಿಗಲ್ಲಿನ ಬಂಡೆಯಿಂದ ಹೊರಬರುತ್ತಿರುವ ಹಾಗೆ ನಿಂತ, 30 ಅಡಿ ಎತ್ತರದ ಮಾರ್ಟಿನ್ ಲೂಥರ್ ಕಿಂಗ್. ಸರ್ಕಾರ ಕಟ್ಟಿಸಿದ್ದು ಅಂದುಕೊಂಡು ಫೋಟೋ ತೆಗೆಸಿಕೊಂಡು ಬರುತ್ತೇವೆ. ನಾನೂ ಹಾಗೇ ಬಂದಿದ್ದೆ. ಅದರ ಮೂಲ ಆಲ್ಫಾದ ಹಳಬರು ಮನೆಯೊಂದರಲ್ಲಿ ಕೂತು ಆಡಿದ ಒಂದು ಮಾತು. 1984ರಲ್ಲಿ ಮೇರಿಲ್ಯಾಂಡ್ ಕಡೆಯ ಕೆಲವರು ಒಬ್ಬರ ಮನೆಯಲ್ಲಿ ಸೇರಿದ್ದಾಗ, ನಮ್ಮ ಬ್ರದರ್‌ಗೆ ರಾಜಧಾನಿಯಲ್ಲಿ ಒಂದು ಸ್ಮಾರಕ ಇರಬೇಕಲ್ವಾ ಅಂದುಕೊಂಡರು. ಸಂಘದ ಮುಂದೆ ಇಟ್ಟರು, ಸಂಘ ಸಂಸತ್ತಿನ ಮುಂದೆ ಹೋಯಿತು. ಒಪ್ಪಿಗೆ ಬಂದದ್ದು 1996ರಲ್ಲಿ, ದುಡ್ಡು ನೀವೇ ಹೊಂದಿಸಿ ಅನ್ನುವ ಷರತ್ತಿನ ಮೇಲೆ. ಸುಮಾರು 12 ಕೋಟಿ ಡಾಲರ್ ಬೇಕಾಯಿತು. ಸದಸ್ಯರು, ದೊಡ್ಡ ಕಂಪನಿಗಳು, ಸಾಮಾನ್ಯ ಜನ ಕೊಟ್ಟರು. 2011ರ ಆಗಸ್ಟ್‌ನಲ್ಲಿ ಉದ್ಘಾಟನೆ ಅಂತ ಎಲ್ಲ ತಯಾರಾದಾಗ ಐರೀನ್ ಚಂಡಮಾರುತ ಬಂತು. ಕೊನೆಗೆ ಅಕ್ಟೋಬರ್ 16ರಂದು ನಡೆಯಿತು. ಮಾತಿನಿಂದ ಕಲ್ಲಿಗೆ 27 ವರ್ಷ. ನಾಲ್ಕು ವರ್ಷಕ್ಕೊಮ್ಮೆ ಖಾಲಿಯಾಗುವ ವಿದ್ಯಾರ್ಥಿ ಸಂಘದಿಂದ ಇಂಥ ಕೆಲಸ ಸಾಧ್ಯವಿಲ್ಲ.

ಇಷ್ಟು ಹೊತ್ತು ಚೆನ್ನಾಗಿರುವುದನ್ನೇ ಹೇಳಿದೆ. ಈಗ ಆ 'ದಾಟುವ' ವಿಷಯ. ಒಂದು ಸೆಮಿಸ್ಟರ್‌ನಲ್ಲಿ ಒಟ್ಟಿಗೆ ಸೇರುವ ಹುಡುಗರ ಗುಂಪಿಗೆ 'ಲೈನ್' ಅಂತಾರೆ. ಎತ್ತರದ ಪ್ರಕಾರ ಸಾಲು ನಿಲ್ಲಿಸಿ ನಂಬರ್ ಕೊಡುವುದು, ಒಂದು ಅಡ್ಡಹೆಸರು, ಸಂಘದ ಚರಿತ್ರೆಯೆಲ್ಲ ಬಾಯಿಪಾಠ. ಒಂದೇ ಲೈನಿನವರು ಸಾಯೋತನಕ ಒಡಹುಟ್ಟಿದವರ ಹಾಗೆ. ಬಿಸಿಮರಳು ದಾಟಿ ಆಚೆ ದಡ ಸೇರಿದರು ಅನ್ನುವುದು ಅವರ ರೂಪಕ. ಆ ಬಿಸಿ ಎಷ್ಟಿರಬೇಕು ಅನ್ನುವುದೇ ತೊಂದರೆ. ನಮ್ಮಲ್ಲಿ ರ‍್ಯಾಗಿಂಗ್ ಅಂತೀವಲ್ಲ, ಅದೇ ಇಲ್ಲಿ ದೀಕ್ಷೆಯ ವೇಷದಲ್ಲಿ ಬರುತ್ತೆ. ನಿದ್ದೆಗೆಡಿಸುವುದು, ಹೊಡೆಯುವುದು. 1989ರಲ್ಲಿ ಮೋರ್‌ಹೌಸ್‌ನಲ್ಲಿ ಆಲ್ಫಾ ಸೇರಲು ಹೊರಟಿದ್ದ ಹುಡುಗನೊಬ್ಬ ಸತ್ತ. 1990ರಲ್ಲಿ ಕಪ್ಪು ಜನರ ಫ್ರೆಟರ್ನಿಟಿ, ಸೊರಾರಿಟಿಗಳೆಲ್ಲ ಸೇರಿ ಹಳೆಯ ಪದ್ಧತಿಯನ್ನೇ ರದ್ದು ಮಾಡಿ, ಅರ್ಜಿ, ಸಂದರ್ಶನ, ಚಿಕ್ಕ ತರಬೇತಿ ಅಂತ ಹೊಸ ನಿಯಮ ತಂದವು. ಕಾಗದದ ಮೇಲೆ ಅಷ್ಟೇ ಸರಳ. ಆದರೆ ಹಾಗೆ ಬಂದವರನ್ನು ಕೆಲವರು 'ಪೇಪರ್' ಅಂತ ಹೀಯಾಳಿಸಿದರು, ಅಂದರೆ ಬರೀ ಅರ್ಜಿ ತುಂಬಿ ಒಳಗೆ ಬಂದವನು ಅಂತ. ಆ ಬೈಗುಳಕ್ಕೆ ಹೆದರಿ ಹುಡುಗರು ತಾವಾಗಿಯೇ ಗುಟ್ಟಾಗಿ ಏಟು ತಿನ್ನೋಕೆ ಒಪ್ಪಿಕೊಳ್ಳುತ್ತಾರೆ. ನಿಷೇಧ ಸೋಲುವುದು ಇಲ್ಲೇ. ಪಾರ್ಕಿಂಗ್‌ನಲ್ಲಿ ನಾನು ಕೇಳಿದ "ಎಲ್ಲಿ, ಯಾವ ವರ್ಷ" ಅನ್ನುವ ಪ್ರೀತಿಯ ಪ್ರಶ್ನೆಯ ಅಡಿಯಲ್ಲಿ "ನೀನೂ ನಮ್ಮ ಹಾಗೇ ಕಷ್ಟಪಟ್ಟೆಯಾ" ಅನ್ನುವ ಇನ್ನೊಂದು ಪ್ರಶ್ನೆ ಇರುತ್ತೆ. ಇದು ಒಂದು ಸಂಘದ ಕಾಯಿಲೆಯಲ್ಲ. ಲೆಗೆಟ್ ಬಿದ್ದ ಇಥಾಕಾದಲ್ಲೇ 2019ರಲ್ಲಿ, ಬೇರೊಂದು ಫ್ರೆಟರ್ನಿಟಿಯ ಪಾರ್ಟಿಗೆ ಹೋಗಿದ್ದ ಹೊಸ ವಿದ್ಯಾರ್ಥಿಯ ಶವ ಕಂದರದಲ್ಲಿ ಸಿಕ್ಕಿತು. ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕು ಅನ್ನುವ ರಾಷ್ಟ್ರಮಟ್ಟದ ಕಾನೂನು ಬಂದದ್ದು 2024ರ ಡಿಸೆಂಬರ್‌ನಲ್ಲಿ. ಎಷ್ಟು ತಡ ನೋಡಿ.

ಅಮೆರಿಕದಲ್ಲಿರುವ ನಮ್ಮವರಿಗೆ ಇದೆಲ್ಲ ದೂರದ ಮಾತಲ್ಲ. ಇಥಾಕಾದಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ ಬಿಂಗ್‌ಹ್ಯಾಮ್ಟನ್. 1994ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಐಯೋಟಾ ನ್ಯೂ ಡೆಲ್ಟಾ ಅನ್ನುವ ದಕ್ಷಿಣ ಏಷ್ಯಾ ಹುಡುಗರ ಫ್ರೆಟರ್ನಿಟಿ ಹುಟ್ಟಿತು. ಮೂರು ಅಕ್ಷರಕ್ಕೂ ಇಂಗ್ಲಿಷ್ ಸಾಟಿ ಹುಡುಕಿ ಓದಿದರೆ ಐ, ಎನ್, ಡಿ. ಯಾವ ದೇಶ ಅಂತ ಬೇರೆ ಹೇಳಬೇಕಿಲ್ಲ. 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಬಂತು. ಮಗ ಒಂದು ದಿನ ಫೋನ್ ಮಾಡಿ "ಅಮ್ಮಾ, ನಾನು ಫ್ರೆಟರ್ನಿಟಿ ಸೇರ‍್ತಿದೀನಿ" ಅಂದರೆ ಗಾಬರಿಯಾಗುವ ಅಪ್ಪ-ಅಮ್ಮಂದಿರಿಗೆ ನನ್ನ ಸಲಹೆ ಇಷ್ಟೇ: ಪಾರ್ಟಿ ಬಗ್ಗೆ ಆಮೇಲೆ ವಿಚಾರಿಸಿ. ಮೊದಲು ಸೇರಿಸಿಕೊಳ್ಳುವಾಗ ಏನೇನು ಮಾಡಿಸುತ್ತಾರೆ ಅಂತ ಕೇಳಿ, ಆಮೇಲೆ ಆ ಚಾಪ್ಟರ್‌ನ ಹಳಬರು ಎಷ್ಟು ಜನ ಈಗಲೂ ಬಂದು ಹೋಗುತ್ತಾರೆ ಅಂತ ಕೇಳಿ. ನಲವತ್ತು ದಾಟಿದವರು ಒಬ್ಬರೂ ಸುಳಿಯದ ಚಾಪ್ಟರ್ ಆದರೆ ಸ್ವಲ್ಪ ಯೋಚನೆ ಮಾಡುವುದು ಒಳ್ಳೆಯದು.

ಹೆಸರುಗಳ ಲೆಕ್ಕದಲ್ಲಿ ಒಂದು ಅಕ್ಷರ ಬಿಟ್ಟಿದ್ದೆ. ಗ್ರೀಕ್ ವರ್ಣಮಾಲೆಯ ಕೊನೆಯದು ಓಮೆಗಾ. ಆಲ್ಫಾ ಫೈ ಆಲ್ಫಾದ ಯಾವ ಕಾಲೇಜಿಗೂ ಯಾವ ಊರಿಗೂ ಆ ಹೆಸರು ಕೊಟ್ಟಿಲ್ಲ. ಓಮೆಗಾ ಚಾಪ್ಟರ್ ತೀರಿಕೊಂಡವರದ್ದು. ಸದಸ್ಯರೊಬ್ಬರು ಹೋದರೆ "ಸತ್ತರು" ಅನ್ನುವುದಿಲ್ಲ, "ಓಮೆಗಾ ಚಾಪ್ಟರ್ ಸೇರಿದರು" ಅನ್ನುತ್ತಾರೆ. ಆ ಊರಿನ ಲ್ಯಾಮ್ಡಾದವರು ಬಂದು, ಮನೆಯವರ ಒಪ್ಪಿಗೆ ಕೇಳಿ, ಪೆಟ್ಟಿಗೆಯ ಸುತ್ತ ನಿಂತು ತಮ್ಮದೇ ಒಂದು ವಿಧಿ ಮಾಡುತ್ತಾರೆ. ತೀರಿಕೊಂಡವರನ್ನು ಅವರು ಒಮ್ಮೆಯೂ ನೋಡಿರದಿದ್ದರೂ ಬರುತ್ತಾರೆ. ಏಳು ರತ್ನಗಳಲ್ಲಿ ಕೊನೆಯವರು ಡಾಕ್ಟರ್ ಹೆನ್ರಿ ಆರ್ಥರ್ ಕ್ಯಾಲಿಸ್. ಇಥಾಕಾದ ಆ ಓದುಕೂಟದಲ್ಲಿ ಕೂತಿದ್ದಾಗ ಹದಿನೆಂಟೋ ಹತ್ತೊಂಬತ್ತೋ ವರ್ಷ. 1974ರ ನವೆಂಬರ್‌ನಲ್ಲಿ, 87ನೇ ವಯಸ್ಸಿನಲ್ಲಿ, ಉಳಿದ ಆರು ಜನರ ಚಾಪ್ಟರ್ ಸೇರಿದರು.